ಮಗಳ ಹುಟ್ಟಿದ ತಾರೀಖಿಗೆ ಬೆಲೆ ಕಟ್ಟಿದ ವಿಮಾ ಕಂಪನಿಯವರಿಗೆ

ಮಹಾರಾಜಶ್ರೀ ಮೋಟಾರು ವಿಮಾ ಕಂಪನಿಯ ಹಿರಿಯರ ಸನ್ನಿಧಿಗೆ,

ಇಂಗ್ಲೆಂಡಿನ ಸ್ವಿಂಡನ್ ಊರಿನಿಂದ, ಹತ್ತೊಂಬತ್ತು ವರ್ಷಗಳಿಂದ ತಮ್ಮಲ್ಲೇ ಕಾರಿನ ವಿಮೆ ಮಾಡಿಸುತ್ತ ಬಂದಿರುವ ಹೆಂಗಸೊಬ್ಬಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಕಾಗದವನ್ನು ಹೀಗೇ ಶುರು ಮಾಡಬೇಕೆಂದು ತಿಪಟೂರಿನಲ್ಲಿ ನಮ್ಮ ತಾತ ಹೇಳಿಕೊಟ್ಟಿದ್ದರು. ಎಷ್ಟೇ ಸಿಟ್ಟಿರಲಿ, ಮೊದಲು ಎದುರಿನವರ ಕ್ಷೇಮ ಕೇಳು, ಆಮೇಲೆ ನಿನ್ನ ಸಂಕಟ ಹೇಳು ಎನ್ನುತ್ತಿದ್ದರು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನನ್ನ ಸಂಕಟ ಸ್ವಲ್ಪ ಉದ್ದವಿದೆ. ದಯವಿಟ್ಟು ಪೂರ್ತಿ ಓದಬೇಕು.

ಮೊದಲು ತಮ್ಮ ಋಣ ನೆನೆಯುತ್ತೇನೆ. 2014ರ ಡಿಸೆಂಬರಿನ ಒಂದು ಸಂಜೆ, ಎಂ4 ಹೆದ್ದಾರಿಯಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಲಾರಿ ಬಂದು ಗುದ್ದಿತ್ತು. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳಿದ್ದಳು. ರಸ್ತೆ ಪಕ್ಕದ ಹುಲ್ಲಿನ ಮೇಲೆ ನಿಂತು, ನಡುಗುವ ಕೈಯಲ್ಲಿ ತಮ್ಮ ನಂಬರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಮಾತಾಡಿದ ಹೆಣ್ಣುಮಗಳು ಪಾಲಿಸಿ ನಂಬರು ಕೇಳುವ ಮುಂಚೆ ಕೇಳಿದ್ದು ಒಂದೇ ಮಾತು: ಮಗು ಹೇಗಿದೆ? ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದೇ ರಾತ್ರಿ ಬದಲಿ ಕಾರು ಬಂತು, ತಿಂಗಳೊಳಗೆ ಹಣವೂ ಬಂತು. ವರ್ಷ ವರ್ಷ ಪ್ರೀಮಿಯಂ ಕಟ್ಟುವಾಗ ಆ ಸಂಜೆಯನ್ನು ನೆನೆದೇ ಕಟ್ಟಿದ್ದೇನೆ. ಹಾಗಾಗಿ ಇದು ತಮ್ಮನ್ನು ದೂರದಿಂದ ದ್ವೇಷಿಸುವವಳು ಬರೆದ ಕಾಗದವಲ್ಲ.

ಅವತ್ತು ಹಿಂದಿನ ಸೀಟಿನಲ್ಲಿದ್ದ ಮಗುವೇ ಹೋದ ಸೆಪ್ಟೆಂಬರಿನಲ್ಲಿ ಡ್ರೈವಿಂಗ್ ಟೆಸ್ಟ್ ಪಾಸಾದಳು. ಹದಿನೇಳು ತುಂಬಿ ಎಂಟು ತಿಂಗಳಾಗಿತ್ತು. ಥಿಯರಿ ಪರೀಕ್ಷೆಯ 50 ಪ್ರಶ್ನೆಗಳಲ್ಲಿ ಪಾಸಾಗಲು 43 ಸರಿ ಇದ್ದರೆ ಸಾಕು. ಇವಳದ್ದು 49 ಸರಿಯಿದ್ದವು. ಅವಳು ಓಡಿಸಲು ಕಲಿತದ್ದು ಸ್ವಿಂಡನ್ನಿನ ಮ್ಯಾಜಿಕ್ ರೌಂಡಬೌಟಿನಲ್ಲಿ. ಐದು ಪುಟ್ಟ ವೃತ್ತಗಳನ್ನು ಸೇರಿಸಿ ಒಂದು ದೊಡ್ಡ ವೃತ್ತ ಮಾಡಿ, ಹೊರಗಿನ ಗಾಡಿಗಳನ್ನು ಒಂದು ದಿಕ್ಕಿಗೂ ಒಳಗಿನವನ್ನು ಇನ್ನೊಂದು ದಿಕ್ಕಿಗೂ ಸುತ್ತಿಸುವ, 1972ರಲ್ಲಿ ಕಟ್ಟಿದ ಆ ಕೂಡುರಸ್ತೆಯನ್ನು ಕಂಡರೆ ಲಂಡನ್ನಿನಿಂದ ಬಂದ ಅನುಭವಸ್ಥರೂ ಕಾರು ನಿಧಾನ ಮಾಡುತ್ತಾರೆ. ಮಗಳು ಅದರಲ್ಲಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಎಲ್ ಬೋರ್ಡ್ ಅಂಟಿಸಿಕೊಂಡು, ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು, ಭಯ ಹೋಗುವ ತನಕ ಸುತ್ತು ಹಾಕಿದ್ದಾಳೆ.

ಅವಳಿಗೆಂದು ಹತ್ತು ವರ್ಷ ಹಳೆಯ, ಒಂದು ಲೀಟರ್ ಇಂಜಿನ್ನಿನ ಪುಟ್ಟ ಕಾರು ತಂದೆವು. ಬೆಲೆ 2,300 ಪೌಂಡು. ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಮ್ಮ ಫಾರಂ ತುಂಬಿದೆ. ವಿಮೆಯ ಬೆಲೆ ಬಂತು: 2,146 ಪೌಂಡು. ಅದೇ ಮನೆ, ಅದೇ ಬೀದಿ, ಅದೇ ಅಂಗಳದಲ್ಲಿ ನಿಲ್ಲುವ ನನ್ನ ದೊಡ್ಡ ಕಾರಿಗೆ ತಾವು ಕೇಳುವುದು 412. ಎಲ್ಲೋ ಸೊನ್ನೆ ಜಾಸ್ತಿ ಒತ್ತಿದ್ದೇನೆ ಅಂದುಕೊಂಡು ಮತ್ತೆ ಮೊದಲಿನಿಂದ ತುಂಬಿದೆ. ತಪ್ಪೇನೂ ಆಗಿರಲಿಲ್ಲ. ಆಮೇಲೆ ಒಂದು ಕೆಲಸ ಮಾಡಿದೆ, ಮನ್ನಿಸಬೇಕು. ಬೇರೆಲ್ಲವನ್ನೂ ಹಾಗೇ ಬಿಟ್ಟು, ಅವಳು ಹುಟ್ಟಿದ ವರ್ಷದ ಜಾಗದಲ್ಲಿ ನಾನು ಹುಟ್ಟಿದ ವರ್ಷ ಒತ್ತಿ ನೋಡಿದೆ. ಲೈಸೆನ್ಸ್ ಬಂದು ಆಗಿನ್ನೂ ಒಂದು ವಾರ, ಅದನ್ನೂ ಬದಲಿಸಲಿಲ್ಲ. ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ನಿನ್ನೆ ಮೊನ್ನೆ ಕಲಿತ ಐವತ್ತರ ಹೆಂಗಸಿಗೆ ಒಂದು ಬೆಲೆ, ನಿನ್ನೆ ಮೊನ್ನೆ ಕಲಿತ ಹದಿನೇಳರ ಹುಡುಗಿಗೆ ಎರಡರಷ್ಟಕ್ಕೂ ಹೆಚ್ಚು. ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. "ನಾನೇನು ಮಾಡಿದೆ ಅಮ್ಮಾ?" ಅಂದಳು. ನನಗೆ ಹೊಟ್ಟೆ ಚುರ್ ಅಂದಿತು.

ಹಿರಿಯರೇ, ತಮ್ಮ ಲೆಕ್ಕ ಸುಳ್ಳು ಎಂದು ನಾನು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಸಾವು ಅಥವಾ ಭಾರಿ ಗಾಯ ಆಗುವ ಕಾರು ಅಪಘಾತಗಳಲ್ಲಿ ಹೆಚ್ಚುಕಡಿಮೆ ಐದಕ್ಕೆ ಒಂದರಲ್ಲಿ 17ರಿಂದ 24 ವರ್ಷದೊಳಗಿನ ಚಾಲಕರು ಇರುತ್ತಾರೆ. ಲೈಸೆನ್ಸ್ ಬಂದ ಮೊದಲ ತಿಂಗಳುಗಳು, ರಾತ್ರಿ ಹೊತ್ತು, ಕಾರಿನ ತುಂಬ ಗೆಳೆಯರು: ಇವು ಮೂರೂ ಸೇರಿದಾಗ ಏನಾಗುತ್ತದೆ ಎಂಬುದು ತಾಯಂದಿರಿಗೆ ಗೊತ್ತು. ಮಾರ್ಲ್‌ಬರೊ ಕಡೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಒಂದು ಮರಕ್ಕೆ ಯಾರೋ ಹೂ ಕಟ್ಟುತ್ತಾರೆ. ಬಾಡಿದಾಗ ತೆಗೆದು ಹೊಸದು ಕಟ್ಟುತ್ತಾರೆ. ಅದರ ಮುಂದೆ ಹೋಗುವಾಗಲೆಲ್ಲ ಮಗಳ ಹೆಸರು ಬಾಯಿಗೆ ಬರುತ್ತದೆ. ಒಬ್ಬ ಹುಡುಗ ಬೆನ್ನುಮೂಳೆ ಮುರಿದುಕೊಂಡರೆ ಅವನ ಬದುಕಿಡೀ ಆಗುವ ಖರ್ಚು ತಮ್ಮ ಮೇಲೆ ಬರುತ್ತದೆ, ಅದೂ ಗೊತ್ತು. ಗಂಡಾಂತರ ಇರುವಲ್ಲಿ ಬೆಲೆ ಜಾಸ್ತಿಯಿರಲಿ.

ಎಲ್ಲರಿಗೂ ಒಂದೇ ದರ ಇರಲಿ ಎಂದೂ ನನ್ನ ವಾದವಲ್ಲ. ನಾನು ಬಂದ ನಾಡಿನಲ್ಲಿ ಇರುವುದು ಅದೇ. ನಮ್ಮ ಅಪ್ಪನ ಮಾರುತಿ 800ಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಟ್ಟಲು ಹೋದರೆ ಓಡಿಸುವವರ ವಯಸ್ಸನ್ನು ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಆ ದರ ಗೊತ್ತು ಮಾಡುವುದು ಸರ್ಕಾರ, ಅದೂ ಇಂಜಿನ್ನಿನ ಗಾತ್ರ ನೋಡಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500ರ ಒಳಗೆ 3,416, ಅದಕ್ಕೂ ದೊಡ್ಡದಕ್ಕೆ 7,897. ಹತ್ತೊಂಬತ್ತರ ಹುಡುಗ ಓಡಿಸಲಿ, ಎಪ್ಪತ್ತರ ಅಜ್ಜ ಓಡಿಸಲಿ, ಅಷ್ಟೇ. ಇದನ್ನು ನ್ಯಾಯವೆಂದು ನಾನು ಹೊಗಳಲಾರೆ. ವಾರಕ್ಕೊಮ್ಮೆ ಸಂತೆಗೆ ಹೋಗಿ ಬರುವ ಮೇಷ್ಟ್ರೂ, ನಮ್ಮೂರಿನ ಬಿ.ಎಚ್. ರಸ್ತೆಯಲ್ಲಿ ಮೈಮೇಲೆ ಬರುವಂತೆ ನುಗ್ಗುವ ಯಜಮಾನರ ಮಗನೂ ಒಂದೇ ಹಣ ಕಟ್ಟುತ್ತಾರೆ. ಓಡಿಸುವ ರೀತಿಗೆ ಅಲ್ಲಿ ಬೆಲೆಯಿಲ್ಲ. ನಾನು ತಮ್ಮಲ್ಲಿ ಬೇಡುವುದು ಅದಕ್ಕೆ ಬೆಲೆ ಕೊಡಿ ಎಂದು. ತಾವೂ ಸರಿಯಾಗಿ ಕೊಡುತ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಎಲ್ಲೋ ಯಾರೋ ಹುಡುಗ ಕುಡಿದು ಓಡಿಸಿದ್ದಕ್ಕೆ ನನ್ನ ಮಗಳ ಕೈಗೆ ಬರೆ ಬಿದ್ದಿದೆ.

2012ನೇ ಇಸವಿಯನ್ನು ತಮಗೆ ನೆನಪಿಸಲು ಅಪ್ಪಣೆ ಬೇಡುತ್ತೇನೆ. ಅದಕ್ಕೆ ಮೊದಲು ತಾವು ಗಂಡುಹುಡುಗರಿಗೆ ಒಂದು ದರ, ಹುಡುಗಿಯರಿಗೆ ಕಡಿಮೆ ದರ ಇಟ್ಟಿದ್ದಿರಿ. ಲೆಕ್ಕ ಆಗಲೂ ಸುಳ್ಳಿರಲಿಲ್ಲ. ಹುಡುಗರು ಹೆಚ್ಚು ಗುದ್ದುತ್ತಿದ್ದರು. ಆದರೂ ಬೆಲ್ಜಿಯಮ್ಮಿನ ಟೆಸ್ಟ್-ಅಷಾ ಎಂಬ ಬಳಕೆದಾರರ ಸಂಘ ತಂದ ಪ್ರಕರಣದಲ್ಲಿ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ 2011ರ ಮಾರ್ಚ್ 1ರಂದು ತೀರ್ಪು ಕೊಟ್ಟಿತು. ಗಂಡೋ ಹೆಣ್ಣೋ ಎಂದು ನೋಡಿ ದರ ಕಟ್ಟುವುದು ಸಮಾನತೆಗೆ ಒಪ್ಪುವುದಿಲ್ಲ ಎಂದಿತು. 2012ರ ಡಿಸೆಂಬರ್ 21ರಿಂದ ತಾವು ಅದನ್ನು ಬಿಟ್ಟಿರಿ. ಅದೇ ವರ್ಷ, ಅದಕ್ಕೆ ಸುಮಾರು ಮೂರು ತಿಂಗಳು ಮೊದಲು, ಅಕ್ಟೋಬರ್ 1ರಂದು ಈ ದೇಶದಲ್ಲಿ ಇನ್ನೊಂದು ಕಾನೂನು ಜಾರಿಗೆ ಬಂದಿತ್ತು: ವಯಸ್ಕರಿಗೆ ಸೇವೆ ಕೊಡುವಾಗ ವಯಸ್ಸು ನೋಡಿ ಭೇದ ಮಾಡಬಾರದು. ಅದರಿಂದ ಹಣಕಾಸು ಸೇವೆಗಳಿಗೆ ವಿನಾಯಿತಿ ಸಿಕ್ಕಿತು. ಅಂದರೆ ತಮಗೆ. ವಿಮೆಯ ಅಪಾಯ ಅಳೆಯುವಾಗ ನಂಬಬಹುದಾದ ಮೂಲದ, ಸಂಬಂಧಪಟ್ಟ ಮಾಹಿತಿ ಇರಬೇಕು ಎಂಬುದೊಂದೇ ಷರತ್ತು. ಆ ವರ್ಷ ನನ್ನ ಮಗಳಿಗೆ ನಾಲ್ಕು ವರ್ಷ, ಮೂರು ಗಾಲಿಯ ಸೈಕಲ್ ತುಳಿಯುತ್ತಿದ್ದಳು. ಹುಟ್ಟಿನಿಂದ ಬಂದ ಒಂದು ಗುರುತನ್ನು ನೋಡಬಾರದು, ಇನ್ನೊಂದನ್ನು ಧಾರಾಳವಾಗಿ ನೋಡಬಹುದು ಎಂಬ ಎರಡೂ ನಿಯಮಗಳು ಮೂರು ತಿಂಗಳೊಳಗೆ ಜಾರಿಗೆ ಬಂದವು. ವಯಸ್ಸು ಎಲ್ಲರಿಗೂ ಬಂದು ಎಲ್ಲರನ್ನೂ ದಾಟುತ್ತದೆ, ಹಾಗಾಗಿ ಅನ್ಯಾಯ ಕಮ್ಮಿ ಎಂದು ತಾವು ಹೇಳಬಹುದು. ಒಪ್ಪುತ್ತೇನೆ. ಆದರೆ ಕೆಲಸ ಹುಡುಕುವ, ಕಾಲೇಜಿಗೆ ಹೋಗುವ, ಕೈಯಲ್ಲಿ ಕಾಸಿಲ್ಲದ ವಯಸ್ಸಿಗೇ ಈ ಹೊರೆ ಬಂದು ಕೂರುತ್ತದೆ.

ವಯಸ್ಸಿಗಿಂತ ಅನುಭವ ಮುಖ್ಯ ಎನ್ನಲು ನನಗೆ ಸ್ವಂತ ಕಾರಣವೂ ಇದೆ. 2006ರಲ್ಲಿ ನಾನು ಈ ದೇಶಕ್ಕೆ ಬಂದಾಗ ನನ್ನ ಕೈಯಲ್ಲಿ ತುಮಕೂರು ಆರ್‌ಟಿಓ ಕೊಟ್ಟ ಒಂಬತ್ತು ವರ್ಷದ ಡಿಎಲ್ ಇತ್ತು. ಎತ್ತಿನ ಗಾಡಿ, ಕೆಎಸ್‌ಆರ್‌ಟಿಸಿ ಬಸ್ಸು, ತೆಂಗಿನಕಾಯಿ ಲಾರಿ, ನಡುರಸ್ತೆಯಲ್ಲಿ ಒಣಹಾಕಿದ ರಾಗಿ, ಇವೆಲ್ಲದರ ನಡುವೆ ಓಡಿಸಿದವಳು ನಾನು. ಆ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳು ಓಡಿಸಬಹುದಿತ್ತು, ಆಮೇಲೆ ಇಲ್ಲಿಯ ಟೆಸ್ಟ್ ಕಟ್ಟಬೇಕಿತ್ತು, ಕಟ್ಟಿದೆ. ತಾವು ಮಾತ್ರ ನನ್ನ ಒಂಬತ್ತು ವರ್ಷವನ್ನು ಸೊನ್ನೆ ಎಂದು ಬರೆದುಕೊಂಡಿರಿ. ಕ್ಲೈಮ್ ಮಾಡದಿದ್ದಕ್ಕೆ ಊರಲ್ಲಿ ಗಳಿಸಿದ್ದ ಬೋನಸ್ಸೂ ಸೊನ್ನೆ. ನನಗೆ ಅನುಭವವಿತ್ತು, ತಾವು ನೋಡಲಿಲ್ಲ. ಮಗಳಿಗೆ ವಯಸ್ಸಿಲ್ಲ, ಅದನ್ನು ಬಿಟ್ಟು ತಾವು ಬೇರೇನನ್ನೂ ನೋಡುತ್ತಿಲ್ಲ. ಇಂದಿಗೂ ಬೆಂಗಳೂರಿನಿಂದ ಕೆಲಸಕ್ಕೆಂದು ಇಲ್ಲಿಗೆ ಬರುವ ನಮ್ಮವರು ಇದೇ ಮಾತು ಹೇಳಿಕೊಂಡು ನೊಂದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮ ಹೇಳುವುದು ಬೇರೆ. ಅಲ್ಲಿ 1988ರಲ್ಲಿ ಜನರೇ ಓಟು ಹಾಕಿ ಒಂದು ಕಾನೂನು ತಂದರು: ವಿಮೆಯ ದರಕ್ಕೆ ಮೊದಲು ನೋಡಬೇಕಾದ್ದು ಓಡಿಸಿದ ದಾಖಲೆ, ಎರಡನೆಯದು ವರ್ಷಕ್ಕೆಷ್ಟು ಮೈಲಿ, ಮೂರನೆಯದು ಎಷ್ಟು ವರ್ಷದ ಅನುಭವ. ಹೊಸಬರಿಗೆ ಅಲ್ಲೂ ಅಗ್ಗವೇನಲ್ಲ. ಆದರೆ ಕೇಳುವ ಮೊದಲ ಪ್ರಶ್ನೆ ಮನುಷ್ಯ ಏನು ಮಾಡಿದ ಎಂಬುದು.

ಬೆಲೆಯ ಬಗ್ಗೆ ಇನ್ನೆರಡು ಮಾತು, ಬೇಗ ಮುಗಿಸುತ್ತೇನೆ. ಆ 2,146ರಲ್ಲಿ ಸುಮಾರು 230 ಪೌಂಡು ಸರ್ಕಾರದ ತೆರಿಗೆ. ವಿಮೆಯ ಮೇಲೆ ಶೇಕಡಾ 12. ಅದು ತಮ್ಮ ತಪ್ಪಲ್ಲ. ಆದರೆ ಒಟ್ಟಿಗೆ ಕಟ್ಟಲಾರದವರು ತಿಂಗಳ ಕಂತು ಕೇಳಿದರೆ ತಾವು ಮೇಲಿನಿಂದ ಬಡ್ಡಿ ಹಾಕುತ್ತೀರಿ. ನಾವು ಹೇಗೋ ಒಟ್ಟಿಗೆ ಕಟ್ಟಿದೆವು. ಮಗಳ ಗೆಳತಿಯೊಬ್ಬಳ ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಾರೆ; ಅವರು ಕಂತಿನಲ್ಲಿ ಕಟ್ಟುತ್ತಿದ್ದಾರೆ. ಇಲ್ಲದವರ ಹತ್ತಿರ ಇರುವವರಿಗಿಂತ ಹೆಚ್ಚು ಕೇಳಬೇಡಿ ಎಂದು ಕೈಮುಗಿದು ಬೇಡುತ್ತೇನೆ.

ಈಗ ಹೇಳುವುದು ನನಗೆ ಎಲ್ಲಕ್ಕಿಂತ ನೋವಿನ ವಿಷಯ. ತಮ್ಮ ಬೆಲೆ ಕೇಳಿದ ದಿನವೇ ಪರಿಚಯದವರೊಬ್ಬರು ಉಪಾಯ ಹೇಳಿಕೊಟ್ಟರು: "ಕಾರು ನಿಮ್ಮ ಹೆಸರಲ್ಲೇ ಇರಲಿ, ಮುಖ್ಯ ಚಾಲಕಿ ನೀವೇ ಅಂತ ಬರೀರಿ, ಮಗಳನ್ನ ಎರಡನೇ ಹೆಸರಾಗಿ ಸೇರಿಸಿ. ಎಲ್ರೂ ಮಾಡೋದು ಅದೇ." ಹಾಗೆ ಮಾಡಿದ್ದರೆ ಸಾವಿರ ಪೌಂಡಿಗೂ ಮೇಲೆ ಉಳಿಯುತ್ತಿತ್ತು. ಅದು ಮೋಸ ಎಂಬುದು ಅವರಿಗೂ ಗೊತ್ತು. ಗೊತ್ತಾದ ದಿನ ತಾವು ಪಾಲಿಸಿ ರದ್ದು ಮಾಡಬಹುದು. ವಿಮೆಯಿಲ್ಲದೆ ಓಡಿಸಿದ್ದಕ್ಕೆ ಮಗಳ ಲೈಸೆನ್ಸಿಗೆ 6 ಪಾಯಿಂಟು ಬೀಳಬಹುದು. ಪಾಸಾದ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟು ಬಿದ್ದರೆ ಲೈಸೆನ್ಸೇ ಹೋಗುತ್ತದೆ, ಎರಡೂ ಟೆಸ್ಟುಗಳನ್ನು ಮತ್ತೆ ಕಟ್ಟಬೇಕು. ನಾನು ಹಾಗೆ ಬರೆಯಲಿಲ್ಲ. ಹೆದರಿ ಅಲ್ಲ; ಅವಳ ಮೊದಲ ಕಾರಿನ ಮೊದಲ ಕಾಗದದಲ್ಲೇ ಅಮ್ಮ ಸುಳ್ಳು ಬರೆದಳು ಎಂದು ಅವಳು ನೋಡುವುದು ಬೇಡವಾಗಿತ್ತು. ಆದರೆ ಬರೆದ ತಂದೆತಾಯಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಿಜ ಹೇಳುವವರಿಗೆ ಇಷ್ಟು ದುಬಾರಿ ಮಾಡಿಟ್ಟರೆ ಎಷ್ಟು ಮನೆ ತಡೆದುಕೊಂಡಾವು? ತಾವು ದೊಡ್ಡವರು. ಮೋಸ ಹಿಡಿಯಲು ಖರ್ಚು ಮಾಡುವಷ್ಟೇ ಶ್ರದ್ಧೆಯಿಂದ ಮೋಸಕ್ಕೆ ದೂಡುವ ಬೆಲೆಯನ್ನೂ ಪರಿಶೀಲಿಸಬೇಕು.

ವಯಸ್ಸಿನ ಆ ತುದಿಯ ಬಗ್ಗೆಯೂ ಬಿನ್ನವಿಸುತ್ತೇನೆ. ನಮ್ಮ ಪಕ್ಕದ ಮನೆಯ ಹಿರಿಯರಿಗೆ ಎಂಬತ್ತೊಂದು. ಸ್ವಿಂಡನ್ನಿನ ರೈಲ್ವೆ ಕಾರ್ಖಾನೆ 1986ರಲ್ಲಿ ಬಾಗಿಲು ಹಾಕುವ ತನಕ ಅಲ್ಲಿ ದುಡಿದವರು. ಎಪ್ಪತ್ತು ದಾಟಿದ ಮೇಲೆ ಕಾನೂನಿನಂತೆ ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಿಕೊಳ್ಳುತ್ತ ಬಂದಿದ್ದಾರೆ. ವಾರಕ್ಕೆ ಮೂರು ಸಲ ಕಾರು ತೆಗೆಯುತ್ತಾರೆ: ಔಷಧಿ ಅಂಗಡಿ, ಚರ್ಚು, ಹೆಂಡತಿಯ ಸಮಾಧಿ. ಅವರ ಕಂಪನಿ ಹೋದ ವರ್ಷ ನವೀಕರಣಕ್ಕೇ ಒಪ್ಪಲಿಲ್ಲ. ವಯಸ್ಸಿನ ಕಾರಣಕ್ಕೆ ಬೇಡವೆನ್ನುವ ಕಂಪನಿ, ಕೊಡುವವರು ಯಾರೆಂದಾದರೂ ತೋರಿಸಬೇಕು ಎಂದು ಸರ್ಕಾರ, ವಿಮಾ ಕಂಪನಿಗಳ ಸಂಘ, ಬ್ರೋಕರುಗಳ ಸಂಘ 2012ರಲ್ಲೇ ಒಪ್ಪಂದ ಮಾಡಿಕೊಂಡಿವೆ. ಅವರಿಗೆ ಯಾರೂ ಹೇಳಲಿಲ್ಲ. ಕಾಗದ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು, "ಇದರರ್ಥ ನಾನಿನ್ನು ಓಡಿಸಬಾರದೆಂದೇ?" ಎಂದು ಕೇಳಿದರು. ಮಗಳೇ ಕೂತು ನಾಲ್ಕು ಕಡೆ ಫೋನ್ ಮಾಡಿ ಅವರಿಗೆ ವಿಮೆ ಕೊಡಿಸಿದಳು. ಹದಿನೇಳರವಳಿಗೂ ಎಂಬತ್ತೊಂದರವರಿಗೂ ಆ ಮಧ್ಯಾಹ್ನ ತಮ್ಮ ಕಸುಬಿನವರ ಬಗ್ಗೆ ಬಂದ ಭಾವನೆ ಒಂದೇ ಆಗಿತ್ತು.

ಕಡೆಯದಾಗಿ ಬ್ಲ್ಯಾಕ್ ಬಾಕ್ಸ್. ಕಾರಿನಲ್ಲಿ ಅದನ್ನು ಕೂರಿಸಿಕೊಂಡರೆ ಓಡಿಸುವ ರೀತಿ ನೋಡಿ ಮುಂದಿನ ವರ್ಷ ಬೆಲೆ ಇಳಿಸುತ್ತೇವೆ ಎಂದಿರಿ. ಇದು ನಾನು ಬೇಡುತ್ತಿದ್ದುದೇ. ಮನಸಾರೆ ವಂದಿಸಿ ಹಾಕಿಸಿಕೊಂಡೆವು. ವೇಗ, ತಿರುವು, ಬ್ರೇಕು, ಹೊತ್ತು ಎಲ್ಲವನ್ನೂ ಅದು ಬರೆದುಕೊಳ್ಳುತ್ತದೆ. ಮೊಬೈಲಿನಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ತೋರಿಸುತ್ತದೆ. ಮಗಳು ಅದನ್ನು ಪರೀಕ್ಷೆಯ ಅಂಕದ ಹಾಗೆ ಕಾಪಾಡಿಕೊಂಡು ಬಂದಳು. ಜನವರಿಯಲ್ಲಿ ಹದಿನೆಂಟು ತುಂಬಿತು. ಊರಾಚೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಶುಕ್ರವಾರ, ಶನಿವಾರ ಕೆಲಸ ಹಿಡಿದಳು. ಮುಗಿಯುವುದು ರಾತ್ರಿ ಹನ್ನೊಂದಕ್ಕೆ, ಆ ಹೊತ್ತಿಗೆ ಅಲ್ಲಿಂದ ಬಸ್ಸಿಲ್ಲ. ಹನ್ನೊಂದರ ಮೇಲೆ ಓಡಿಸಿದ್ದಕ್ಕೆ ತಮ್ಮ ಪೆಟ್ಟಿಗೆ ಅಂಕ ಕಳೆಯುತ್ತದೆ. ಗೆಳೆಯರ ಜೊತೆ ಸುತ್ತುವವರಿಗೂ, ಪಾತ್ರೆ ತೊಳೆದು ಒಬ್ಬಳೇ ಮನೆಗೆ ಬರುವವಳಿಗೂ ಅದು ವ್ಯತ್ಯಾಸ ಅರಿಯದು. ಕೆಲಸದ ಚೀಟಿ ತೋರಿಸಿದರೆ ಆ ಅಂಕ ಬಿಟ್ಟುಕೊಡುವ ಒಂದು ದಾರಿ ಮಾಡಿಕೊಡಿ.

ಮಾರ್ಚ್ ತಿಂಗಳ ಒಂದು ಶುಕ್ರವಾರ ಸಂಜೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ, ಬೇಲಿಯ ಸಂದಿಯಿಂದ ಮಂಟ್‌ಜ್ಯಾಕ್ ಒಂದು ರಸ್ತೆಗೆ ಹಾರಿತು. ನಮ್ಮ ಮಲೆನಾಡಿನ ಕಾಡುಕುರಿಯ ಜಾತಿಯ ಪುಟ್ಟ ಜಿಂಕೆ ಅದು. ಈ ಕಡೆಯ ಹಳ್ಳಿ ರಸ್ತೆಗಳಲ್ಲಿ ಬೇಕಾದಷ್ಟಿವೆ. ಮಗಳು ಒತ್ತಿ ಬ್ರೇಕ್ ಹಾಕಿದಳು. ಕಾರು ಅಲುಗಾಡದೆ ನೇರವಾಗಿ ನಿಂತಿತು. ಜಿಂಕೆ ಹೆಡ್‌ಲೈಟಿನ ಬೆಳಕಿನಲ್ಲಿ ಒಂದು ಕ್ಷಣ ನಿಂತು ಅವಳನ್ನೇ ನೋಡಿ ಆಚೆ ಹೋಯಿತಂತೆ. ಹಿಂದೆ ಯಾರೂ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಎಲ್ ಬೋರ್ಡಿನ ದಿನಗಳಲ್ಲಿ ಅವಳಿಗೆ ಮೇಷ್ಟರು ಕಲಿಸಿದ್ದೇ ಅದು: ಸ್ಟಿಯರಿಂಗ್ ತಿರುಗಿಸಬೇಡ, ನೇರ ಬ್ರೇಕ್ ಹಾಕು. ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿ ಕೆಂಪು ಗುರುತು ಬಂತು: ಒರಟು ಬ್ರೇಕ್. ಅಂಕ 91ರಿಂದ 78ಕ್ಕೆ. ನಾನು ತಮ್ಮ ಕಚೇರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಮಾತಾಡಿದ ಹುಡುಗ ತುಂಬ ವಿನಯದವನು. ಯಂತ್ರ ಬರೆದದ್ದನ್ನು ತಿದ್ದಲು ಬರುವುದಿಲ್ಲ, ಕಾರಣ ಬರೆದಿಡಲು ಅಲ್ಲಿ ಜಾಗವಿಲ್ಲ ಎಂದ. ಜಿಂಕೆ ಸತ್ತಿತೇ, ಮಗಳಿಗೇನಾಯಿತು ಎಂದು ಅವನು ಕೇಳಲಿಲ್ಲ, ಕೇಳಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಂತೆ ಕಾಣಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ತಟ್ಟೆಯಲ್ಲಿ ಅನ್ನ ಕಲಸುತ್ತ ಕೇಳಿದಳು: "ಅಮ್ಮಾ, ಇನ್ನೊಂದ್ಸಲ ಹಾಗೇನಾದ್ರೂ ಅಡ್ಡ ಬಂದ್ರೆ ಬ್ರೇಕ್ ಹಾಕ್ಲಾ, ಬೇಡ್ವಾ?"

ನಾನು ಹಾಕು ಅಂದೆ. ಅಂಕ ಹೋದರೆ ಹೋಗಲಿ, ಹಣ ನಾನು ಕಟ್ಟುತ್ತೇನೆ, ನೀನು ಬ್ರೇಕ್ ಹಾಕು ಅಂದೆ. ಆದರೆ ಅವಳ ವಿಮೆ ಇರುವುದು ತಮ್ಮಲ್ಲಿ, ಅಂಕ ಕೊಡುವವರು ತಾವು. ಅವಳ ಪ್ರಶ್ನೆಗೆ ತಮ್ಮ ಉತ್ತರವೇನು ಎಂದು ಎರಡು ಸಾಲಿನಲ್ಲಿ ಅವಳ ಹೆಸರಿಗೇ ಬರೆದು ಕಳಿಸಬೇಕಾಗಿ ವಿನಂತಿ. ನವೀಕರಣ ಸೆಪ್ಟೆಂಬರಿನಲ್ಲಿದೆ. ಅದಕ್ಕೂ ಮೊದಲು ಬಂದರೆ ಉಪಕಾರವಾಗುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ತಮ್ಮ ಹಳೆಯ ಪಾಲಿಸಿದಾರಳು,
ತಮ್ಮ ಹೊಸ ಪಾಲಿಸಿದಾರಳ ತಾಯಿ